ಒಂದೇ ಎತ್ತರದ ಅಕ್ಷರಗಳು

ಅಚ್ಚಾದ ಮೊದಲ ಹಾಳೆಯನ್ನು ಪ್ರೆಸ್ಸಿನ ಅಕ್ಕ ಮೇಜಿನ ಮೇಲೆ ಹರವಿದ ಕೂಡಲೇ ನನ್ನ ಬಾಯೇ ನನಗೆ ಮುಳುವಾಯಿತೆಂದು ಗೊತ್ತಾಯಿತು. ‘ನಾಟಕ’ ಎಂಬ ಮೂರು ಅಕ್ಷರ. ‘ನಾ’ ಎಮ್ಮೆಯ ಹಾಗೆ ಕಪ್ಪಗೆ ಮೈತುಂಬಿಕೊಂಡು ಬಿದ್ದಿತ್ತು. ‘ಟ’ ಎಡಗಡೆ ಮಾತ್ರ ಇತ್ತು, ಬಲಗಡೆ ಮಾಯ. ‘ಕ’ ಇದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕಿತ್ತು.

“ತಮ್ಮಾ, ಇದನ್ನ ಗ್ವಾಡಿಗೆ ಹಚ್ಚಿದರ ಮಂದಿ ನಾಟಕಕ್ಕ ಬರಂಗಿಲ್ಲ, ಕಣ್ಣಿನ ಡಾಕ್ಟರ ಹತ್ರ ಹೋಗ್ತಾರ” ಅಂದರು ಅಕ್ಕ. ನಗುತ್ತಲೇ ಅಂದರು. ಆದರೆ ಹಾಳೆಯ ಅಂಚನ್ನು ಹಿಡಿದಿದ್ದ ಅವರ ಬೆರಳು ನಗುತ್ತಿರಲಿಲ್ಲ.

ಆಂಧ್ರ ರಾಜ್ಯವಾಗಿ ಆಗಷ್ಟೇ ವರ್ಷ ದಾಟಿತ್ತು. ಆದೋನಿ ಪೇಟೆಯ ಹಿಂದಿನ ಬೀದಿಯಲ್ಲಿ ಅಕ್ಕನದೊಂದು ಚಿಕ್ಕ ಪ್ರೆಸ್ಸು. ಗಂಡ ತೀರಿಕೊಂಡ ಮೇಲೆ ಅವರೇ ಅಚ್ಚುಮೊಳೆ ಜೋಡಿಸಿ, ಅವರೇ ಮಸಿ ಹಚ್ಚಿ, ತೆಲುಗು ಲಗ್ನಪತ್ರಿಕೆ, ಕನ್ನಡ ಕರಪತ್ರ ಎರಡನ್ನೂ ಹಾಕಿಕೊಡುತ್ತಿದ್ದರು. ಪ್ರೆಸ್ಸಿದ್ದ ಕೋಣೆ ಮಾತ್ರ ಮನೆತನದ ಆಸ್ತಿ. ಹತ್ತಿ ವ್ಯಾಪಾರಿಯಾದ ಅವರ ಮೈದುನನಿಗೆ ಅದರ ಮೇಲೆ ಕಣ್ಣು. ಅವನು ಕೆಟ್ಟವನಲ್ಲ, ಹತ್ತಿ ಬಿಟ್ಟರೆ ಬೇರೆ ಲೋಕ ಕಾಣದವನು. ಖಾಲಿ ಜಾಗ ಕಂಡರೆ ಅಲ್ಲಿ ಎಷ್ಟು ಮೂಟೆ, ಎಷ್ಟು ಬೋರೆ ಹತ್ತಿ ಹಿಡಿಯುತ್ತದೆ ಎಂದೇ ಅವನ ಲೆಕ್ಕ.

ಆ ವರ್ಷ ಯುಗಾದಿಗೆ ಒಂದು ನಾಟಕ ಕಂಪನಿ ಆದೋನಿಯಲ್ಲಿ ಡೇರೆ ಹಾಕುವುದಿತ್ತು. ಅಂಗೈ ಅಗಲದ ಅಕ್ಷರಗಳಲ್ಲಿ ಗೋಡೆ ಪೋಸ್ಟರು ಹಾಕಿಕೊಟ್ಟರೆ ಬೇಸಿಗೆಯ ಕೆಲಸವೆಲ್ಲ ನಿಮಗೇ, ಇಲ್ಲದಿದ್ದರೆ ಬಳ್ಳಾರಿಗೆ ಹೋಗುತ್ತೇವೆ ಎಂದು ಕಂಪನಿಯ ಮ್ಯಾನೇಜರು ಅಕ್ಕನಿಗೆ ಹೇಳಿ ಹೋಗಿದ್ದರು. ಮೈದುನನೂ ಅದನ್ನೇ ಹಿಡಿದುಕೊಂಡ. ಪೋಸ್ಟರು ಆದರೆ ಪ್ರೆಸ್ಸು ಇರಲಿ, ಆಗದಿದ್ದರೆ ಯುಗಾದಿ ಹಿಂದಿನ ದಿನ ಕೋಣೆಯಲ್ಲಿ ಹತ್ತಿ ಇಳಿಸುತ್ತೇನೆ ಎಂದ. ಅಕ್ಕ ಆಗಲಿ ಅಂದುಬಿಟ್ಟಿದ್ದರು.

ಅವರ ಬಳಿ ದೊಡ್ಡ ಕನ್ನಡ ಅಕ್ಷರಗಳೆಂದರೆ ಗಂಡನ ಕಾಲದ ಮರದವು. ನಮ್ಮ ಬಿಸಿಲಿಗೆ ಅವು ಬಿರಿದು, ಸೊಟ್ಟಗಾಗಿ, ಸೌದೆಗೆ ಮಾತ್ರ ಲಾಯಕ್ಕಾಗಿದ್ದವು. ಪ್ರೆಸ್ಸಿನ ಒಂದು ಚಕ್ರ ರಿಪೇರಿಗೆಂದು ಹೋಗಿದ್ದ ನಾನು ಅವನ್ನು ನೋಡಿ, “ಮರ ಯಾಕ ಬೇಕಕ್ಕ? ಎಬೊನೈಟಿನಾಗ ಮಾಡಿಕೊಡ್ತೀನಿ. ನಮ್ಮ ಶೇಪರಿನ ಮ್ಯಾಲ ಕೂದಲೆಳೆ ಹೆಚ್ಚುಕಡಿಮಿ ಇಲ್ಲದಂಗ ಮಟ್ಟ ಮಾಡ್ತೀನಿ” ಎಂದು ಹೇಳಿಬಿಟ್ಟೆ. ಕೇಳಿದವರು ಯಾರೂ ಇರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನ ಕೆಲಸದ ಬಗ್ಗೆ ನನಗಿದ್ದ ಜಂಬ ಊರಿಗೆಲ್ಲ ಗೊತ್ತಿತ್ತು.

ಎಬೊನೈಟ್ ಅಂದರೆ ರಬ್ಬರಿಗೆ ಗಂಧಕ ಬೆರೆಸಿ, ಕಾಯಿಸಿ, ಕಲ್ಲಿನಂತೆ ಗಟ್ಟಿ ಮಾಡಿದ ಕರಿಯ ಸರಕು. ಆ ಕಾಲದಲ್ಲಿ ನಮ್ಮ ಕೈಗೆ ಸಿಗುತ್ತಿದ್ದ ಪ್ಲಾಸ್ಟಿಕ್ ಅದೇ. ಬೇಸಿಗೆಗೆ ಬಿರಿಯುವುದಿಲ್ಲ, ಮಸಿಯನ್ನು ಕುಡಿಯುವುದಿಲ್ಲ. ಗುಂತಕಲ್ಲಿನ ಹಳೆ ಸಾಮಾನಿನ ಅಂಗಡಿಯಲ್ಲಿ ದಪ್ಪ ಹಲಗೆಗಳು ಸಿಕ್ಕವು. ಅಂಗಡಿಯವನ ಹತ್ತಿರ ಇದ್ದದ್ದು ಅಷ್ಟೇ. ಇನ್ನು ಬೇಕೆಂದರೆ ಮದ್ರಾಸಿನಿಂದ ತರಿಸಬೇಕು, ಅದು ಬರುವ ಹೊತ್ತಿಗೆ ಯುಗಾದಿ ಮುಗಿದಿರುತ್ತದೆ.

ನಾನಿದ್ದದ್ದು ಜಿನ್ನಿಂಗ್ ಫ್ಯಾಕ್ಟರಿಯ ಕಾಂಪೌಂಡಿನೊಳಗಿನ ರಿಪೇರಿ ಶೆಡ್ಡಿನಲ್ಲಿ. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನುಗಳು ಗೋಡೆಯ ಆಚೆ, ನಮ್ಮ ಯಂತ್ರಗಳು ಈಚೆ, ಎರಡಕ್ಕೂ ಒಂದೇ ಆಯಿಲ್ ಎಂಜಿನ್ನು. ಶೇಪರು ಬಡಿಗನ ಕೀಸುಳಿಯ ಕೆಲಸವನ್ನು ಕಬ್ಬಿಣಕ್ಕೆ ಮಾಡುವ ಯಂತ್ರ. ಕೆಳಗೆ ಬೆಡ್ಡು ಎಂಬ ಮಟ್ಟಸದ ಕಬ್ಬಿಣದ ಹಾಸಿನ ಮೇಲೆ ತುಂಡನ್ನು ಕೂರಿಸಿದರೆ ಮೇಲೆ ಉಳಿ ಹಿಡಿದ ತೋಳು ಹಿಂದೆ ಮುಂದೆ ಆಡುತ್ತ ಹೊರಮೈಯನ್ನು ಕೆತ್ತುತ್ತ ಹೋಗುತ್ತದೆ. ಎಬೊನೈಟನ್ನು ಅಕ್ಷರಕ್ಕೊಂದರಂತೆ ತುಂಡು ಮಾಡಿ, ಸಾಲಾಗಿ ಬೆಡ್ಡಿನ ಮೇಲೆ ಜೋಡಿಸಿ, ಪಕ್ಕದಿಂದ ಪಟ್ಟಿ ಕೊಟ್ಟು ಬೆಣೆ ಬಡಿದು ಬಿಗಿದು, ಒಟ್ಟಿಗೆ ಮಟ್ಟ ಮಾಡಿದೆ. ಆಮೇಲೆ ಪೇಟೆಯ ಬಡಿಗನೊಬ್ಬ ಅವುಗಳ ಮೇಲೆ ಅಕ್ಷರ ಕೆತ್ತಿದ. ನೋಡಲು ಒಂದೊಂದೂ ಕರಿಯ ಕನ್ನಡಿ. ಹಾಳೆಯ ಮೇಲೆ ಮಾತ್ರ ನಮ್ಮ ಮಾನ ಹೋಯಿತು.

ಮೈಕ್ರೋಮೀಟರಿನಿಂದ ಅಳೆದು ನೋಡಿದೆ. ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನಾವು ‘ಥೌ’ ಅನ್ನುತ್ತಿದ್ದೆವು. ಒಂದು ಹಾಳೆಯ ದಪ್ಪವೇ ಮೂರು ಥೌ. ನನ್ನ ಅಕ್ಷರಗಳು ಒಂದಕ್ಕಿಂತ ಒಂದು ನಾಲ್ಕೈದು ಥೌ ಹೆಚ್ಚು ಕಡಿಮೆ ಇದ್ದವು. ಅಷ್ಟೇ ಅಲ್ಲ, ಒಂದೇ ಅಕ್ಷರದ ಒಂದು ಮೂಲೆ ಎತ್ತರ, ಇನ್ನೊಂದು ಮೂಲೆ ತಗ್ಗು.

ಅಕ್ಕ ಪ್ರೆಸ್ಸಿನವರ ಉಪಾಯ ಮಾಡಿ ನೋಡಿದರು. ತಗ್ಗಿದ್ದ ಅಕ್ಷರಗಳ ಕೆಳಗೆ ಕಾಗದದ ಚೂರು ಅಂಟಿಸಿ ಮೇಲೆತ್ತಿದರು. ಮೊದಲ ಕೆಲವು ಹಾಳೆ ಪರವಾಗಿಲ್ಲ ಅನ್ನುವಂತೆ ಬಿದ್ದವು. ಪ್ರೆಸ್ಸಿನ ಏಟು ಬೀಳುತ್ತ ಬೀಳುತ್ತ ಕಾಗದ ಕುಗ್ಗಿ ಮತ್ತೆ ಅದೇ ಹಾಡು. ಓರೆಯಾಗಿ ಕೂತದ್ದಕ್ಕಂತೂ ಕಾಗದ ಏನು ಮಾಡೀತು?

ಶೆಡ್ಡಿಗೆ ಬಂದು ಮಿಸ್ತ್ರಿಗೆ ಹೇಳಿದೆ. ಮಿಸ್ತ್ರಿ ವಯಸ್ಸಾದವರು, ಹಣೆತುಂಬ ವಿಭೂತಿ, ಮಾತಿನ ತುಂಬ ತೆಲುಗು. ಆ ಶೇಪರನ್ನು ಅವರು ಹೆತ್ತ ಮಗನಂತೆ ನೋಡಿಕೊಳ್ಳುತ್ತಿದ್ದರು. ಹೆತ್ತ ಮಗ ಮಾತು ಕೇಳುತ್ತಿರಲಿಲ್ಲ, ಆ ಮಾತು ಬೇರೆ.

“ಬೆಡ್ಡು ಸವದಿರಬೇಕ್ರಿ” ಅಂದೆ.

“ಏಮಯ್ಯಾ, ಬೆಡ್ಡಿಗೆ ಹೆಸರಿಡ್ತೀಯೇನು? ಈ ಬೆಡ್ಡು ನಿನಗಿಂತ ನೆಟ್ಟಗೈತಿ” ಅಂದರು.

ಸಿಟ್ಟು ಬಂತು. ನನಗೆ ಸಿಟ್ಟು ಬರಲು ಬಹಳ ಕಾರಣ ಬೇಕಾಗುತ್ತಿರಲಿಲ್ಲ. ಅವರೆದುರಿಗೇ ಏರುತಗ್ಗನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜು ಕಟ್ಟಿ, ಬೆಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡಿಸಿದೆ. ಮುಳ್ಳು ಕದಲಲಿಲ್ಲ. ಅದೇ ಅಳತೆಯ ಕಬ್ಬಿಣದ ತುಂಡುಗಳನ್ನು ಸಾಲಾಗಿ ಕೂರಿಸಿ ಕೆತ್ತಿದೆ. ಎಲ್ಲವೂ ಒಂದೇ ದಪ್ಪ. ಮಿಸ್ತ್ರಿ ನಿಧಾನವಾಗಿ ಬೀಡಿ ಹಚ್ಚಿದರು. ಬೈದಿದ್ದರೇ ಚೆನ್ನಾಗಿತ್ತು.

ವಿಚಿತ್ರವೆಂದರೆ ಎಬೊನೈಟ್ ಕೂಡ ಯಂತ್ರದ ಮೇಲೆ ಇರುವಷ್ಟು ಹೊತ್ತು ಸರಿಯಾಗೇ ಇರುತ್ತಿತ್ತು. ಕೆತ್ತಿ ಮುಗಿಸಿ, ಬಿಚ್ಚುವ ಮೊದಲು ಗೇಜು ಓಡಿಸಿದರೆ ಸಾಲಿಗೆ ಸಾಲೇ ಸಮ. ಬೆಣೆ ಸಡಿಲಿಸಿ ಕೈಗೆ ತೆಗೆದುಕೊಂಡರೆ ಏರುಪೇರು. ಕಣ್ಣೆದುರು ಒಂದು, ಬೆನ್ನ ಹಿಂದೆ ಒಂದು.

ಬಿಗಿ ಹೆಚ್ಚಾಗಿ ತುಂಡು ಉಬ್ಬುತ್ತಿರಬೇಕು, ಬಿಚ್ಚಿದಾಗ ತನ್ನ ರೂಪಕ್ಕೆ ಮರಳುತ್ತಿರಬೇಕು ಎಂದುಕೊಂಡೆ. ಎಬೊನೈಟ್ ಕಬ್ಬಿಣದಷ್ಟು ಗಟ್ಟಿಯಲ್ಲವಲ್ಲ. ಬೆಣೆಗಳನ್ನು ಹಗುರ ಮಾಡಿದೆ. ಏರುಪೇರು ಕಡಿಮೆಯಾಗುವ ಬದಲು ಹೆಚ್ಚಾಯಿತು. ನನ್ನ ತರ್ಕದ ಪ್ರಕಾರ ಅದು ಹಾಗೆ ಆಗಲೇಬಾರದು. ಕಸ ಏನಾದರೂ ಕೂತಿರಬೇಕೆಂದು ತುಂಡುಗಳನ್ನೂ ಬೆಡ್ಡನ್ನೂ ಇನ್ನಷ್ಟು ಉಜ್ಜಿ ಒರೆಸಿದೆ. ಮೊದಲು ಒಂದು ಸಲ ಒರೆಸುತ್ತಿದ್ದವನು ಈಗ ಮುಖ ಕಾಣುವ ತನಕ ಒರೆಸಿದೆ. ಇನ್ನೂ ಕೆಟ್ಟಿತು.

ಒರೆಸುವ ವಿಷಯದಲ್ಲಿ ನಮ್ಮ ಆದೋನಿಯವರನ್ನು ಮೀರಿಸುವವರಿಲ್ಲ. ಬೇರೆ ಊರಿನ ಶೆಡ್ಡುಗಳಲ್ಲಿ ಹಳೆ ಬಟ್ಟೆ, ಚಿಂದಿ ಹುಡುಕುತ್ತಾರೆ. ನಮ್ಮಲ್ಲಿ ಕೈ ಚಾಚಿದರೆ ಹತ್ತಿ. ಸುಗ್ಗಿಯಲ್ಲಿ ಗೋಡೆಯಾಚೆಯಿಂದ ಹಿಡಿ ಹಿಡಿಯಾಗಿ ತಂದು ಒರೆಸುವುದು, ಬಿಸಾಡುವುದು. ಹೊಸ ಹತ್ತಿಯಿಂದ ಒರೆಸದೆ ತುಂಡನ್ನು ಬೆಡ್ಡಿಗೆ ಮುಟ್ಟಿಸಿದರೆ ಮಿಸ್ತ್ರಿಗೆ ಅದು ಎಂಜಲು ಕೈಯಲ್ಲಿ ದೇವರ ಸಾಮಾನು ಮುಟ್ಟಿದ ಹಾಗೆ.

ಇಷ್ಟರಲ್ಲಿ ಹಲಗೆಗಳು ಮುಗಿದಿದ್ದವು. ಮಟ್ಟವಾದದ್ದು ಬಿಡಿ, ಮಟ್ಟವಾಗದ್ದೇ ಬುಟ್ಟಿ ತುಂಬ ಇತ್ತು. ಅಕ್ಕನಿಗೆ ಏನೆಂದು ಹೇಳಲಿ ಎಂದು ಪೇಟೆಗೆ ಹೋಗುವಾಗ ಅವರ ಬೀದಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ.

ಶಿವರಾತ್ರಿ ಬಂತು. ಅದರ ಮಾರನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ನಮ್ಮ ಕಡೆ ಯಾರೂ ಹತಾರ ಹಿಡಿಯುವುದಿಲ್ಲ. ಎಂಜಿನ್ನು ನಿಲ್ಲಿಸಿ, ಶೆಡ್ಡಿನ ನೆಲಕ್ಕೆ ನೀರು ಹೊಡೆದು, ಜಂತಿಯ ಧೂಳು ಹೊಡೆದು, ಯಂತ್ರಗಳಿಗೆ ವಿಭೂತಿ ಹಚ್ಚಿ ಕಾಯಿ ಒಡೆಯುವುದು ರೂಢಿ. ಕೈಯಲ್ಲಿ ಅರ್ಧ ಆಗಿರುವ ಕೆಲಸವನ್ನೂ ಯಂತ್ರದ ಮುಂದೆ ಇಟ್ಟು ಪೂಜೆ ಮಾಡುತ್ತಾರೆ. ಮಿಸ್ತ್ರಿ ನನ್ನ ಬುಟ್ಟಿಯಿಂದ ಒಂದು ಸಾಲಿನಷ್ಟು ತುಂಡುಗಳನ್ನು ಎತ್ತಿ ಜೋಡಿಸಿ, ಒಂದೊಂದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದರು. “ನಿನ್ನಿಂದಂತೂ ಆಗಲಿಲ್ಲ, ಆ ದೇವರಿಗಾದರೂ ಬಿಡು” ಅಂದರು.

ಮರುದಿನ ಬೆಳಿಗ್ಗೆ ಎಂಜಿನ್ನು ಸುರುವಾಯಿತು. ಆದರೆ ಜಿನ್ನುಗಳ ಉರುಳೆಗಳಿಗೆ ಹೊಸ ಚರ್ಮ ಹಾಕುತ್ತಿದ್ದರಿಂದ ಮಧ್ಯಾಹ್ನದ ತನಕ ಅವು ಓಡಲಿಲ್ಲ. ಪೂಜೆಯ ತುಂಡುಗಳ ಮೇಲೆ ವಿಭೂತಿ ಒಣಗಿ ಅಂಟಿತ್ತು. ತೊಟ್ಟಿಯ ನೀರಿನಲ್ಲಿ ತೊಳೆದು, ಕೊಡವಿ, ಹಾಗೇ ಬೆಡ್ಡಿಗೆ ಕೂರಿಸಿ, ಮೇಲಿನ ಏರುಪೇರು ಹೋಗುವಷ್ಟು ಒಂದು ಸುತ್ತು ಕೆತ್ತಿ ಬಿಚ್ಚಿದೆ. ಅಳೆದೆ. ಮತ್ತೆ ಅಳೆದೆ. ಎಲ್ಲವೂ ಸಮ. ಅರ್ಧ ಥೌ ಕೂಡ ವ್ಯತ್ಯಾಸವಿಲ್ಲ. ಕುಣಿಯುವುದೊಂದೇ ಬಾಕಿ.

ಮಿಸ್ತ್ರಿ ಮೀಸೆ ತಿರುವಿದರು. “ವಿಭೂತಿ” ಅಂದರು, ಅಷ್ಟೇ.

ಮಧ್ಯಾಹ್ನ ಉಳಿದ ತುಂಡುಗಳನ್ನು ಎಂದಿನಂತೆ ಒರೆಸಿ ಕೂರಿಸಿದೆ. ಮತ್ತೆ ನಾಲ್ಕು ಥೌ. ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು. ಅಂದಮೇಲೆ ಬಿಸಿಲು ಎಂದು ನಿಶ್ಚಯಿಸಿದೆ. ತಗಡಿನ ಸೂರು ಕಾಯುತ್ತದೆ, ಎಬೊನೈಟ್ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಗುಟ್ಟು ಸಿಕ್ಕಿತೆಂದು ಅಕ್ಕನಿಗೆ ಹೇಳಿಯೂ ಬಂದೆ, ಈ ಸಲ ಅವರ ಬೀದಿಯಿಂದಲೇ ಹೋಗಿ. ಮಾರನೆಯ ದಿನ ಎಂಜಿನ್ನು ಸುರುವಾದ ತಕ್ಷಣ, ತಗಡು ಇನ್ನೂ ತಣ್ಣಗಿರುವಾಗಲೇ ಕೆತ್ತಿದೆ. ಐದು ಥೌ ಏರುಪೇರು ಬಂತು. ಬಿಸಿಲಿನ ಮೇಲೆ ಹೊರಿಸಿದ ಅಪವಾದ ನಿಲ್ಲಲಿಲ್ಲ.

“ವಿಭೂತಿ ಹಚ್ಚಿದ್ಯೇನು ನೀನು?” ಮಿಸ್ತ್ರಿ ಕೇಳಿದರು.

ನಾನು ಹಲ್ಲು ಕಚ್ಚಿಕೊಂಡೆ. ಆದರೂ ಮುಳುಗುವವನಿಗೆ ಹುಲ್ಲುಕಡ್ಡಿ. ಮಿಸ್ತ್ರಿಯೇ ಭಕ್ತಿಯಿಂದ ತುಂಡುಗಳಿಗೆ ಮತ್ತೆ ವಿಭೂತಿ ಎಳೆದರು. ಒಣಗಿದ ಮೇಲೆ ನಾನು ಹಿಡಿಗಟ್ಟಲೆ ಹತ್ತಿ ತೆಗೆದುಕೊಂಡು ವಿಭೂತಿಯ ಗುರುತೂ ಉಳಿಯದಂತೆ ಉಜ್ಜಿ ಉಜ್ಜಿ ಒರೆಸಿದೆ. ಅಂದಿನಷ್ಟು ಕೆಟ್ಟ ಸಾಲು ಎಂದೂ ಬಂದಿರಲಿಲ್ಲ. ಒಂದು ತುಂಡಿನ ಮೂಲೆಯಂತೂ ಏಳು ಥೌ ತಗ್ಗು.

“ನಿನಗ ನಂಬಿಕಿ ಇಲ್ಲ. ಅದಕ್ಕ” ಅಂದು ಮಿಸ್ತ್ರಿ ಎದ್ದು ಹೋದರು.

ನಂಬಿಕೆ ಇರಲಿಲ್ಲ, ನಿಜ. ಆದರೆ ಎರಡು ಸಲವೂ ಅದೇ ವಿಭೂತಿ, ಅದೇ ಮಿಸ್ತ್ರಿ, ಅದೇ ಬೆಡ್ಡು. ಬೇರೆಯಾಗಿದ್ದದ್ದು ಏನು? ಬುಟ್ಟಿಯ ಮುಂದೆ ಕೂತು ಹಂತ ಹಂತವಾಗಿ ನೆನೆಸಿಕೊಂಡೆ. ಮೊದಲ ಸಲ ವಿಭೂತಿ ತೊಳೆದಿದ್ದೆ. ಎರಡನೆಯ ಸಲ ಒರೆಸಿದ್ದೆ.

ಆಗ ಹೊಳೆದದ್ದು ಒಂದು ಸರಳ ಕೆಲಸ. ಇಷ್ಟು ದಿನವೂ ತುಂಡುಗಳನ್ನು ಕೆತ್ತಿದ ಮೇಲೆ ನೋಡುತ್ತಿದ್ದೆ. ಕೆತ್ತುವ ಮೊದಲು ಅವು ಹೇಗೆ ಕೂತಿವೆ ಎಂದು ಒಮ್ಮೆಯೂ ನೋಡಿರಲಿಲ್ಲ. ಎಂದಿನಂತೆ ಒರೆಸಿ, ಸಾಲಾಗಿ ಕೂರಿಸಿ, ಬೆಣೆ ಬಡಿದೆ. ಎಂಜಿನ್ನಿನ ಪಟ್ಟಾ ಹಾಕಿ ಯಂತ್ರ ಓಡಿಸಲಿಲ್ಲ. ಬೆಣೆ ಬಿಚ್ಚಿ, ಒಂದು ತುಂಡನ್ನು ನೆಟ್ಟಗೆ ಮೇಲೆತ್ತಿ, ಅಡಿಯನ್ನು ಕಿಟಕಿಯ ಕಡೆ ತಿರುಗಿಸಿದೆ.

ಅಡಿಯಲ್ಲಿ ಹತ್ತಿ ಮೆತ್ತಿಕೊಂಡಿತ್ತು. ಸಣ್ಣ ಸಣ್ಣ ಎಳೆಗಳು, ಗಂಟುಗಟ್ಟಿದ ತುಪ್ಪಟ, ನಡುವೆ ಹತ್ತಿಬೀಜದ ಸಿಪ್ಪೆಯ ಚೂರು. ನಾನು ಕನ್ನಡಿಯಂತೆ ಒರೆಸಿದ್ದ ಅದೇ ಅಡಿ. ಮತ್ತೆ ಒರೆಸಿ ಬೆಂಚಿನ ಮೇಲೆ ಒಂದು ಬೆರಳು ಎತ್ತರದಲ್ಲಿ ಹಿಡಿದೆ. ಬೆಂಚಿನ ಮೇಲಿದ್ದ ತುಪ್ಪಟ ಎದ್ದು ಬಂದು ತುಂಡಿಗೆ ಅಂಟಿತು. ಒರೆಸಿದಷ್ಟೂ ಜೋರಾಗಿ ಎಳೆದುಕೊಂಡಿತು. ಕಬ್ಬಿಣದ ತುಂಡನ್ನು ಹಾಗೇ ಒರೆಸಿ ಹಿಡಿದೆ. ತುಪ್ಪಟ ಅಲ್ಲಾಡಲಿಲ್ಲ.

ಅಷ್ಟು ಹೊತ್ತಿಗೆ ಅಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಮೈದುನ ಹತ್ತಿಯ ಬಂಡಿ ಗೊತ್ತು ಮಾಡಿದ್ದಾನೆಂದು ಹೇಳಲು ಬಂದಿದ್ದರು. ನಾನು ಅದನ್ನು ಕೇಳಿಸಿಕೊಳ್ಳದೆ, “ಅಕ್ಕಾ, ಇಲ್ಲಿ ನೋಡ್ರಿ” ಎಂದು ಇನ್ನೊಂದು ಸಲ ಮಾಡಿ ತೋರಿಸಿದೆ. ಅವರು ನನ್ನನ್ನು ಮರುಕದಿಂದ ನೋಡಿದರು.

“ಇದೇನ್ ಹೊಸದು ತಮ್ಮಾ? ಬ್ಯಾಸಿಗ್ಯಾಗ ನನ್ನ ಕರಿ ಬಾಚಣಿಗಿನೂ ಹಿಂಗ ಮಾಡತೈತಿ. ಒಣಗೂದಲಾ ಬಾಚಿದರ ಎಲ್ಲಾ ಎದ್ದು ನಿಂದರತಾವ. ನೀರ ಹಚ್ಚಿದರ ಸುಮ್ಮಕಾಗತೈತಿ.”

ಮದ್ರಾಸಿನಲ್ಲಿ ಕೆಲಸ ಕಲಿತು ಬಂದವನು ನಾನು. ಶಾಲೆಯಲ್ಲಿ ಮೇಷ್ಟ್ರು ಎಬೊನೈಟ್ ಕಡ್ಡಿಯನ್ನು ಉಣ್ಣೆಗೆ ಉಜ್ಜಿ ಕಾಗದದ ಚೂರು ಎತ್ತಿಸಿದ್ದನ್ನೂ ನೋಡಿದ್ದೆ. ಅದು ಪರೀಕ್ಷೆಗೆ ಬರೆಯುವ ಸಂಗತಿ ಎಂದೇ ತಿಳಿದಿದ್ದೆ. ನಗು ಬಂತು, ಜೋರಾಗಿ ನಕ್ಕೆ. ಬಿಗಿ ಹಗುರ ಮಾಡಿದಾಗ ಯಾಕೆ ಕೆಟ್ಟಿತು, ಹೆಚ್ಚು ಒರೆಸಿದಾಗ ಯಾಕೆ ಇನ್ನೂ ಕೆಟ್ಟಿತು, ನೀರಲ್ಲಿ ತೊಳೆದ ಸಾಲು ಮಾತ್ರ ಯಾಕೆ ಸರಿಬಂತು, ಎಲ್ಲ ತಿಳಿಯಿತು. ತುಂಡುಗಳು ಬೆಡ್ಡಿನ ಮೇಲೆ ಕೂತಿರಲಿಲ್ಲ, ಹತ್ತಿಯ ಮೇಲೆ ಕೂತಿದ್ದವು. ಬಿಗಿ ಕಡಿಮೆಯಾದಷ್ಟೂ ಆ ಹತ್ತಿ ಅದುಮಿಕೊಳ್ಳದೆ ದಪ್ಪಗೆ ಉಳಿಯುತ್ತಿತ್ತು. ಹತ್ತಿ ಎತ್ತಿಹಿಡಿದ ಕಡೆ ಉಳಿ ಹೆಚ್ಚು ಕೆತ್ತುತ್ತಿತ್ತು, ಇಳಿಸಿದಾಗ ಅದೇ ಕಡೆ ತಗ್ಗು. ಕಬ್ಬಿಣ ಹತ್ತಿಯನ್ನು ಎಳೆದುಕೊಳ್ಳುವುದೂ ಇಲ್ಲ, ಅದನ್ನು ಬಿಗಿಯುವ ಜೋರಿಗೆ ಒಂದೆರಡು ಎಳೆ ಉಳಿಯುವುದೂ ಇಲ್ಲ.

ಕಾರಣ ಸಿಕ್ಕಿತು, ಸರಕು ಮುಗಿದಿತ್ತು. ಬುಟ್ಟಿಯಲ್ಲಿದ್ದ ತುಂಡುಗಳಲ್ಲಿ ಸರಿಯಾಗಿದ್ದದ್ದು ಆ ಪೂಜೆಯ ಸಾಲು ಒಂದೇ, ಅದೂ ಬೇಕಾದುದಕ್ಕಿಂತ ತಗ್ಗು. ಉಳಿದವು ಒಂದೊಂದು ಒಂದೊಂದು ಎತ್ತರ. ಕೆಲವಕ್ಕೆ ಬಡಿಗ ಅಕ್ಷರ ಕೆತ್ತಿಯೂ ಆಗಿತ್ತು. ಯಾವುದನ್ನೂ ಮತ್ತೆ ಎತ್ತರ ಮಾಡಲು ಬರುವುದಿಲ್ಲ. ಕೆತ್ತಿ ಇಳಿಸಬಹುದು, ಅಷ್ಟೇ.

“ಹಂಗಿದ್ದರ ಎಲ್ಲಾನೂ ಇಳಸೋಣ್ರಿ” ಅಂದೆ ಅಕ್ಕನಿಗೆ. “ಎಲ್ಲಾಕ್ಕಿಂತ ತಗ್ಗಿದ್ದದ್ದು ಯಾವುದೈತಿ ಅದರ ಮಟ್ಟಕ್ಕ. ಎಲ್ಲಾ ಅಷ್ಟೇ ತಗ್ಗಾದರ ಅಡಿಗೆ ಒಂದು ಸತುವಿನ ತಗಡು ಹಾಸಿದರ ಆತು. ಕಾಗದ ಕುಗ್ಗತೈತಿ, ತಗಡು ಕುಗ್ಗಂಗಿಲ್ಲ. ಕೆತ್ತಿದ ಅಕ್ಷರ ಬೋರಲು ಹಾಕಿ ಬೆನ್ನ ಕೆತ್ತತೀನಿ.”

“ಚಲೋ ಇರೋ ಸಾಲನ್ನೂ?”

“ಅದನ್ನೂ.”

“ಇದೂ ತಪ್ಪಾದರ?”

“ತಪ್ಪಾದರ ಮತ್ತ ಕೆತ್ತಾಕ ಅದರಾಗ ಏನೂ ಉಳಿಯಂಗಿಲ್ಲಕ್ಕ” ಅಂದೆ. ಸುಳ್ಳು ಹೇಳಿ ಧೈರ್ಯ ತುಂಬುವುದು ನನಗೆ ಬರುವುದಿಲ್ಲ.

ಅಕ್ಕ ಬುಟ್ಟಿಯಿಂದ ಆ ಒಳ್ಳೆಯ ಸಾಲಿನ ಒಂದು ತುಂಡನ್ನು ಎತ್ತಿಕೊಂಡು, ಸ್ವಲ್ಪ ಹೊತ್ತು ಹಿಡಿದಿದ್ದು, ಉಳಿದವುಗಳ ಜೊತೆ ಹಾಕಿದರು. “ಒಂದು ಸಾಲಿನಾಗ ನಾಟಕದ ಹೆಸರೂ ಮುಗಿಯಂಗಿಲ್ಲ. ಇಳಸು” ಅಂದರು.

ಇನ್ನು ಮಿಸ್ತ್ರಿಯ ಸರದಿ. ತುಂಡುಗಳನ್ನು ತೊಳೆದು ಒಣಗಲು ಬಿಟ್ಟರೆ ಗಾಳಿಯಲ್ಲಿ ಹಾರುವ ತುಪ್ಪಟ ಬಂದು ಕೂರುತ್ತದೆ. ಆದ್ದರಿಂದ ಒದ್ದೆಯಿರುವಾಗಲೇ ಬೆಡ್ಡಿಗೆ ಕೂರಿಸಬೇಕು. ಪೂಜೆಯ ಮರುದಿನ ನಾನು ಹಾಗೆ ಮಾಡಿದ್ದು ಪುಣ್ಯಕ್ಕೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅವರಿಗೆ ಬೆಡ್ಡಿನ ಮೇಲೆ ನೀರು ಅಂದರೆ ತುಕ್ಕು, ತುಕ್ಕು ಅಂದರೆ ಯಂತ್ರದ ಸಾವು.

“ನೀರಾ? ಈ ಬೆಡ್ಡಿಗಾ?” ಅವರ ಧ್ವನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸುತ್ತಿದ್ದೆ. “ನಾನು ಸತ್ತ ಮ್ಯಾಲ ಹಾಕು.”

ಜಗಳಾಡಲಿಲ್ಲ. ಅವರ ಕೈಗೇ ಎಬೊನೈಟ್ ತುಂಡನ್ನೂ ಹಿಡಿ ಹತ್ತಿಯನ್ನೂ ಕೊಟ್ಟೆ. “ನೀವೇ ಒರಸ್ರಿ” ಅಂದೆ. ಅವರು ಒರೆಸಿದರು, ನನಗಿಂತ ಚೊಕ್ಕಾಗಿ. ಬೆಂಚಿನ ಮೇಲೆ ಹಿಡಿಸಿದೆ. ತುಪ್ಪಟ ಎದ್ದು ಬಂದು ಅಂಟಿದ್ದನ್ನು ನೋಡಿ ಅವರು ತುಂಡನ್ನು ಕೈಬಿಟ್ಟರು. ಆಮೇಲೆ ಅದನ್ನೇ ತೊಟ್ಟಿಯಲ್ಲಿ ಅದ್ದಿ ಹಿಡಿಸಿದೆ. ತುಪ್ಪಟ ಸುಮ್ಮನೆ ಬಿದ್ದಿತ್ತು. ಮಿಸ್ತ್ರಿ ತುಂಡನ್ನು ತಾವೇ ಇನ್ನೊಮ್ಮೆ ಅದ್ದಿ ಹಿಡಿದು ನೋಡಿದರು.

“ಸರೇ” ಅಂದರು ಕಡೆಗೆ. “ನೀರು ನೀನು ಹಾಕು. ಪ್ರತಿ ಸಾಲು ಎಬ್ಬಿಸಿದ ಕೂಡ್ಲೇ ಬೆಡ್ಡು ಒರಸಿ ಎಣ್ಣಿ ಹಚ್ಚಾವ ನಾನು. ನಡುವ ಯಾವನೂ ಮುಟ್ಟಬಾರದು.”

ಜಿನ್ನುಗಳ ಕಡೆಯ ಬಾಗಿಲಿಗೂ ಕಿಟಕಿಗೂ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸಿದೆವು. ಬೇಸಿಗೆಯಲ್ಲಿ ತಂಪಿಗೆಂದು ಮನೆಗಳಲ್ಲಿ ಮಾಡುವುದನ್ನೇ ಇಲ್ಲಿ ಹತ್ತಿಯನ್ನು ತಡೆಯಲು ಮಾಡಿದೆವು. ಮೊದಲು ಅಕ್ಷರ ಕೆತ್ತದ, ತೀರ ಹಾಳಾದ ತುಂಡುಗಳನ್ನು ಕೂರಿಸಿದೆವು. ತೊಳೆಯುವುದು ನಾನು, ಅಂಗೈಯಿಂದ ಅಡಿ ಸವರಿ ಕೂರಿಸುವುದೂ ನಾನು. ಎಬ್ಬಿಸಿದ ತಕ್ಷಣ ಮಿಸ್ತ್ರಿ ಬೆಡ್ಡನ್ನು ಒರೆಸಿ, ಎಣ್ಣೆ ಸವರಿ, ಮುಂದಿನ ಸಾಲಿಗೆ ಮೊದಲು ಆ ಎಣ್ಣೆಯನ್ನು ಒರೆಸಿ ತೆಗೆದು ಕೊಡುವುದು. ಒರೆಸಲು ಅವರು ತಮ್ಮ ಹಳೆಯ ಧೋತರ ಹರಿದು ತಂದಿದ್ದರು. ಆ ಶೆಡ್ಡಿನಲ್ಲಿ ಬಟ್ಟೆಯಿಂದ ಒರೆಸಿದ್ದು ನಾನು ಕಂಡಂತೆ ಅದೇ ಮೊದಲು. ಎಂಜಿನ್ನು ಓಡುತ್ತಿತ್ತು, ಗೋಡೆಯಾಚೆ ಜಿನ್ನುಗಳೂ ಓಡುತ್ತಿದ್ದವು, ಬಿಸಿಲೂ ಇತ್ತು.

ಬೆಣೆ ಬಿಚ್ಚಿ ಅಳೆದೆ. ಸಮ. ಮೈಕ್ರೋಮೀಟರನ್ನು ಮಿಸ್ತ್ರಿಗೆ ಕೊಟ್ಟೆ. ಅವರಿಗೆ ಓದಲು ಚಾಳೀಸು ಕನ್ನಡಕ ಬೇಕಾಗುತ್ತಿತ್ತು, ಆದರೆ ಅದರ ತಿರುಪನ್ನು ಬೆರಳಿನಿಂದಲೇ ಓದುತ್ತಿದ್ದರು. ಒಂದೊಂದೇ ಅಳೆದು ಸಾಲಾಗಿ ಇಟ್ಟು, “ಅಕ್ಷರದ್ದು ತಾ” ಅಂದರು.

ಬಡಿಗ ಕೆತ್ತಿದ್ದ ಅಕ್ಷರಗಳನ್ನು ಒಂದೊಂದಾಗಿ ಬೋರಲು ಹಾಕಿದೆ. ಮುಖ ಕೆಳಗೆ, ಬೆನ್ನು ಮೇಲೆ. ಮುಖಕ್ಕೂ ಬೆಡ್ಡಿಗೂ ನಡುವೆ ಒಂದು ಎಳೆ ಉಳಿದರೂ ಆ ಅಕ್ಷರ ಹೋಯಿತು, ಬದಲಿಗೆ ಇನ್ನೊಂದಿಲ್ಲ. ಉಳಿಯನ್ನು ತೆಳ್ಳಗೆ ಇಳಿಸಿ, ತೋಳನ್ನು ನಿಧಾನ ಮಾಡಿ, ಗಂಧಕದ ವಾಸನೆಯಲ್ಲಿ ಕೆಮ್ಮುತ್ತ ಕೆತ್ತಿದೆ. ನಡುವೆ ಒಂದು ‘ರ’ದ ಅಂಚು ಚಕ್ಕೆ ಎದ್ದು ಹೋಯಿತು. ತೋಳು ನಿಲ್ಲಿಸಿ ಬಗ್ಗಿ ನೋಡಿದೆ. ಹೋದದ್ದು ಬೆನ್ನಿನ ಅಂಚು, ಮುಖಕ್ಕೇನೂ ಆಗಿರಲಿಲ್ಲ. ಹಾಗೇ ಮುಂದುವರಿದು ಬುಟ್ಟಿ ಖಾಲಿಯಾಗುವ ತನಕ ನಿಲ್ಲಿಸಲಿಲ್ಲ. ಉಳಿದ ತುಂಡುಗಳಿಗೆ ಬಡಿಗ ಅಕ್ಷರ ಕೆತ್ತಿಕೊಟ್ಟ.

ಯುಗಾದಿ ಹಿಂದಿನ ದಿನ ಮತ್ತೆ ಅಮಾವಾಸ್ಯೆ. ನಮಗೆ ರಜೆ, ಅಕ್ಕನ ಪ್ರೆಸ್ಸಿಗೆ ರಜೆಯಿಲ್ಲ. ಬೆಳಗಾಗುವುದರೊಳಗೆ ನಾನು ಅಲ್ಲಿದ್ದೆ. ಅಕ್ಕ ಅಕ್ಷರಗಳನ್ನು ಜೋಡಿಸಿ, ಅಡಿಗೆ ತಗಡು ಹಾಸಿ, ಚೌಕಟ್ಟು ಬಿಗಿದು, ಮಸಿಯ ರೋಲರು ಎಳೆದರು. ಹಾಳೆ ಹಾಕಿ ಒತ್ತಿದರು. ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದರು.

ಕಪ್ಪು ಅಂದರೆ ಒಂದೇ ಕಪ್ಪು. ‘ನಾ’ದಿಂದ ಕೊನೆಯ ಅಕ್ಷರದ ತನಕ ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಅಕ್ಕ ಎರಡನೆಯ ಹಾಳೆ ತೆಗೆದರು, ಮೂರನೆಯದು ತೆಗೆದರು, ಆಮೇಲೆ ನೋಡುವುದನ್ನೇ ಬಿಟ್ಟು ಒಂದರ ಮೇಲೊಂದು ತೆಗೆಯತೊಡಗಿದರು. ನಾನು ಹಾಳೆಗಳನ್ನು ಹಗ್ಗಕ್ಕೆ ನೇತುಹಾಕಿದೆ. ಕೋಣೆ ತುಂಬ ಹಸಿ ಮಸಿಯ ವಾಸನೆ. ಅಷ್ಟು ಸಂತೋಷ ನನಗೆ ಹೊಸ ಯಂತ್ರ ಕೊಡಿಸಿದ್ದರೂ ಆಗುತ್ತಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ಬೀದಿಯಲ್ಲಿ ಬಂಡಿಯ ಸದ್ದಾಯಿತು. ಹತ್ತಿಯ ಬೋರೆ ಹೇರಿದ ಬಂಡಿ ಬಾಗಿಲಿಗೆ ಬಂದು ನಿಂತಿತು. ಮುಂದೆ ಮೈದುನ ನಡೆದು ಬಂದ. ಮಾತು ಕೊಟ್ಟ ದಿನಕ್ಕೆ ಸರಿಯಾಗಿ ಬಂದಿದ್ದ, ವ್ಯಾಪಾರಿ ಅಂದರೆ ವ್ಯಾಪಾರಿ. ಅಕ್ಕ ರೋಲರು ಹಿಡಿದೇ ಹೊರಗೆ ಇಣುಕಿ, “ಬಂಡಿ ಅಷ್ಟು ದೂರ ನಿಲ್ಲಿಸಪ್ಪಾ, ತುಪ್ಪಟ ಹಾರಿ ಬರತೈತಿ” ಅಂದರು. ಮೈದುನ ಒಳಗೆ ಬಂದ.

ಹಗ್ಗದ ಮೇಲಿನ ಹಾಳೆಗಳ ಕೆಳಗೆ ತಲೆ ಬಗ್ಗಿಸಿ ದಾಟುತ್ತ ಒಂದು ಕಡೆಯಿಂದ ನೋಡಿಕೊಂಡು ಹೋದ. ಕೊನೆಯ ಹಾಳೆಯ ಮುಂದೆ ನಿಂತು, ಬಾಯಲ್ಲೇ ಅಕ್ಷರ ಕೂಡಿಸಿ ಓದಿದ. ಅವನ ಓದು ತೆಲುಗು ಶಾಲೆಯದು. ಕನ್ನಡ ಓದಲು ತಡವಾಯಿತು. ಇಡೀ ಹಾಳೆ ಓದಿದ. ಅಣ್ಣ ಇದ್ದಾಗಲೂ ಅವನು ಈ ಕೋಣೆಯಲ್ಲಿ ಇಷ್ಟು ಹೊತ್ತು ನಿಂತಿರಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದರು.

“ಅತ್ತಿಗಿ, ಕಂಪನಿಯವರಿಗೆ ಎಷ್ಟು ಹಾಳಿ ಬೇಕಂತ?” ಎಂದು ಕೇಳಿದ.

“ಊರ ಗ್ವಾಡಿಗೆಲ್ಲ ಹಚ್ಚುವಷ್ಟು” ಅಂದರು ಅಕ್ಕ. ಕೈ ನಿಲ್ಲಿಸಲಿಲ್ಲ.

ಹೊರಗಿನಿಂದ ಬಂಡಿಯವನು ಕೂಗಿದ. “ಧಣೀ, ಬೋರಿ ಇಳಸಲೇನ್ರಿ?”

ಮೈದುನ ಬಾಗಿಲಿಗೆ ಹೋದ. ಅಕ್ಕನ ರೋಲರು ಆಗ ನಿಂತಿತು. ನಾನು ಹಿಡಿದಿದ್ದ ಹಾಳೆಯೂ ಹಗ್ಗದ ಹತ್ತಿರವೇ ನಿಂತಿತು.

“ಎಲ್ಲಿ ಇಳಸ್ತೀಯೋ?” ಅಂದ ಅವನು, ಬಂಡಿಯವನ ಮೇಲೆ ಸುಮ್ಮನೆ ರೇಗುತ್ತ. “ಒಳಗ ಕೆಲಸ ನಡದೈತಿ, ಕಾಣವಲ್ದೇನು?”

ಬಂಡಿಯವನು ಎತ್ತುಗಳನ್ನು ಹಿಂದಕ್ಕೆ ತಿರುಗಿಸಿಕೊಂಡ. ಅಕ್ಕ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, ಮುಂದಿನ ಹಾಳೆಗೆ ಮಸಿ ಎಳೆದರು.